ಬಾಯಿ ಕಟ್ಟಿದವಳು

ಪ್ರೀತಿಯ ಅಕ್ಕ,

ನಿನ್ನ ಡಬ್ಬಿಗಳನ್ನು ತೊಳೆದು ಪಕ್ಕದ ಮನೆ ಆಂಟಿಯ ಕೈಯಲ್ಲಿ ಕಳಿಸಿದ್ದೇನೆ. ನಾಳೆಯಿಂದ ಸೂಪು ತರಬೇಡ. ಅವರೇ ಸೋಸಿ ಕೊಡುತ್ತೇನೆ ಎಂದಿದ್ದಾರೆ.

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ನಾನು ಹೇಳಿದ್ದು ನಿನ್ನೊಬ್ಬಳಿಗೇ. ಉಳಿದವರಿಗೆಲ್ಲ ಪಿತ್ತಕೋಶದ ಕಲ್ಲು ಅಂದಿದ್ದೆವು. ಆ ಸುಳ್ಳು ಹೊಳೆದದ್ದೂ ನಿನಗೇ. ಆಪರೇಷನ್ನಿಗೆ ಮೊದಲು ನಾನು ಬರೀ ತೆಳು ಸೂಪು ಕುಡಿದುಕೊಂಡಿದ್ದಾಗ ನೀನು ನನ್ನೆದುರು ಊಟಕ್ಕೇ ಕೂರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಚಮಚ ಚಮಚವಾಗಿ ಕುಡಿಸಿದೆ, ತೋಳು ಹಿಡಿದು ನಡೆಸಿದೆ. ಅದನ್ನು ಮರೆತಿಲ್ಲ.

ಮೊನ್ನೆ ನನಗೆ ನಿದ್ದೆ ಹತ್ತಿದೆ ಎಂದುಕೊಂಡು ಅಡುಗೆಮನೆಯಿಂದ ಚಿಕ್ಕಮ್ಮನಿಗೆ ಫೋನ್ ಮಾಡಿದೆಯಲ್ಲ, ಆಗ ನಾನು ಎಚ್ಚರವಾಗಿದ್ದೆ. "ಕಲ್ಲೂ ಇಲ್ಲ, ಮಣ್ಣೂ ಇಲ್ಲ ಚಿಕ್ಕಮ್ಮ. ಬಾಯಿ ಕಟ್ಟೋಕಾಗ್ಲಿಲ್ಲ, ಅದಕ್ಕೇ ಹೊಟ್ಟೆ ಹೊಲಿಸ್ಕೊಂಡ್ಲು!" ಎಂದು ನೀನು ನಕ್ಕೆ. ಮಾತೇನೋ ಚೆನ್ನಾಗಿಯೇ ಇತ್ತು. ಬೇರೆ ಯಾರ ಬಗ್ಗೆಯಾದರೂ ಆಡಿದ್ದರೆ ಹೊಲಿಗೆ ಹಿಡಿದುಕೊಂಡು ನಾನೂ ನಗುತ್ತಿದ್ದೆ.

ಇವತ್ತು ಬೆಳಿಗ್ಗೆ ಸೋದರತ್ತೆ ಫೋನ್ ಮಾಡಿ ಅದೇ ಮಾತು ಹೇಳಿ ನಕ್ಕರು. ನಗಲಿ, ಅವರಿಗೇನು ಗೊತ್ತು? ವರ್ಷಗಟ್ಟಲೆ ಬಾಯಿ ಕಟ್ಟಿ, ಕೊನೆಗೆ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಾನು ತಲೆ ಸುತ್ತಿ ಬಿದ್ದಾಗ, ಆಸ್ಪತ್ರೆಗೆ ಕರೆದೊಯ್ದವಳು ನೀನು. ನಿನಗೆ ಗೊತ್ತಿತ್ತು.

ನನ್ನ ಮನೆಯ ಬೀಗದ ಕೈಯನ್ನು ಆಂಟಿಯ ಹತ್ತಿರ ಕೊಟ್ಟುಬಿಡು. ಬರಲೇಬೇಡ ಎನ್ನುವುದಿಲ್ಲ. ಬಂದಾಗ ಉಳಿದ ನೆಂಟರ ಹಾಗೆ ಬೆಲ್ ಒತ್ತು. ಎದ್ದು ಬಂದು ಬಾಗಿಲು ತೆಗೆಯುವಷ್ಟು ಚೇತರಿಸಿಕೊಂಡಿದ್ದೇನೆ.

ನಿನ್ನ ತಂಗಿ