ಹೆಬ್ಬಾತಿನ ಗರಿ

ಬಕೋನಿ, ಅಕ್ಟೋಬರ್

ಮೈದುನ ವೆಂಡೆಲ್‌ಗೆ,

ನಿಮ್ಮಣ್ಣನ ತೊಡೆಯ ಗಾಯ ಮಾಯುತ್ತಿದೆ. “ಅತ್ತಿಗೆ ಅಂಟಿಸಿದ ಗರಿ ಚಿಕ್ಕದಾಯ್ತು, ಜಿಂಕೆಗೆ ಬಿಟ್ಟ ಬಾಣ ಓಲಾಡ್ಕೊಂಡು ಅಣ್ಣನ ಕಡೆ ಹೋಯ್ತು” ಅಂತ ಹೆಂಡದಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ನಿಮ್ಮಣ್ಣನೂ ಅದನ್ನೇ ನಂಬಿದ್ದಾರೆ.

ತೊಡೆ ಸೀಳಿಕೊಂಡು ಹೋದ ಆ ಬಾಣ ಇವತ್ತು ಮುಳ್ಳುಪೊದೆಯಲ್ಲಿ ನನಗೆ ಸಿಕ್ಕಿತು. ವೇಗ ಬೇಕೆಂದು ನೀನು ಚಿಕ್ಕ ಗರಿ ಕೇಳಿದ್ದೆ. ಮೊನೆ ಅಗಲ, ಚಿಕ್ಕ ಗರಿಯಾದರೆ ಬಾಣ ಓಲಾಡೀತೆಂದು ನಾನು ಹೆಬ್ಬಾತಿನ ಉದ್ದ ಗರಿಯನ್ನೇ ಅಂಟಿಸಿದ್ದೆ. ಅದು ಹಾಗೆಯೇ ಇದೆ. ಅಷ್ಟು ಹತ್ತಿರದಿಂದ ಬಿಟ್ಟ ಅಂಥ ಬಾಣ, ಬಿಟ್ಟವನು ನೋಡಿದ ಕಡೆಗೇ ಹೋಗುತ್ತದೆ.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಭಾನುವಾರ ಮೀನಿನ ಸಾರು ಮಾಡುತ್ತೇನೆ, ಬಂದು ನೀನೇ ಹೇಳು. ದ್ರಾಕ್ಷಿತೋಟದ ಪಾಲಿಗೆ ನಿಮ್ಮಿಬ್ಬರ ನಡುವಿನ ಜಗಳವನ್ನೂ ಮುಗಿಸೋಣ.

ಬಿಲ್ಲು ಮನೆಯಲ್ಲೇ ಇಟ್ಟು ಬಾ.

ನಿನ್ನ ಅತ್ತಿಗೆ,
ಪಿರೋಷ್ಕಾ