ಆಯಿ ಕೇಳಿದ ಸೋಡಾ

ಕರಿಗಲ್ಲೂರು, ವಿಜಯಪುರ ಸೀಮೆ.
ಎರಡನೇ ಬೇಸಿಗೆಯ ಹುಣ್ಣಿಮೆ. ನಿಮ್ಮ ಎಣಿಕೆಯಲ್ಲಿ ೨೧೯೪.

ನಮ್ಮ ಹಿಂದಿನವರಿಗೆ ಗುರುಸಿದ್ದವ್ವನ ಶರಣು.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ವರ್ಷಕ್ಕೆ ಎರಡು ಬೇಸಿಗೆ ಬರುವ ಕಾಲದಲ್ಲಿ ಹುಟ್ಟಿದವಳು ನಾನು.

ನನ್ನ ಕೆಲಸ ಗಾಳಿಬಾವಿಯಲ್ಲಿ. ನೀವು ಒಲೆ, ಗಾಡಿ, ಕಾರ್ಖಾನೆಗಳಿಂದ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಸೋಸಿ, ಒತ್ತಡದಲ್ಲಿ ನೀರಿಗೆ ಬೆರೆಸಿ, ನೆಲದಾಳದ ಕರಿಗಲ್ಲಿಗೆ ಇಳಿಸುತ್ತೇವೆ. ಅಲ್ಲಿ ಅದು ಬಿರುಕುಗಳಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ತಾನೂ ಕಲ್ಲಾಗುತ್ತದೆ. ನಿಜ ಹೇಳಬೇಕೆಂದರೆ, ಹಗಲೆಲ್ಲ ನಾವು ಭೂಮಿಗೆ ಸೋಡಾ ಕುಡಿಸುತ್ತೇವೆ. ಮನುಷ್ಯರು ಮಾತ್ರ ಕುಡಿಯುವಂತಿಲ್ಲ. ಹಿಡಿದ ಗಾಳಿಯನ್ನು ಮತ್ತೆ ಬಿಡುವುದಿಲ್ಲವೆಂದು ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿರುತ್ತೇವೆ. ಸೋಡಾ ಅಂಗಡಿಗಳು ಮುಚ್ಚಿದ್ದೂ ಅದಕ್ಕೇ, ನಾನು ಹುಟ್ಟುವ ಮೊದಲೇ.

ನಮ್ಮ ಆಯಿ, ಅಂದರೆ ತಂದೆಯ ತಾಯಿ ಚನ್ನಬಸವ್ವ, ಹೋದ ಬೇಸಿಗೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಇಲ್ಲಿ ಕುಡಿಯುವುದೆಲ್ಲ ಬಟ್ಟಿ ಇಳಿಸಿದ ನೀರು, ರುಚಿಯಿಲ್ಲದ್ದು. ಲೋಟ ತುಟಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ತುಟಿ ಒಡೆದವು, ಮಾತು ತೊದಲತೊಡಗಿತು. ಹೀಗೇ ಆದರೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ವೈದ್ಯರು ಹೇಳಿಹೋದರು. ಅವತ್ತು ನಾನು ಅವಳ ಕಾಲು ಒತ್ತುತ್ತಾ, ಏನಾದರೆ ಕುಡಿಯುತ್ತಿ ಎಂದು ಕೇಳಿದೆ.

"ನಾಲಿಗಿಗೆ ಚುರ್ ಅಂತಿತ್ತಲ್ಲ, ಆ ಸೋಡಾ," ಎಂದಳು. "ಒಂದ ಗುಟುಕು ಸಾಕವ್ವ."

ಬಾವಿಯ ನಲ್ಲಿ ತಿರುಗಿಸಿದರೆ ಕೊಡಗಟ್ಟಲೆ ಸಿಗುತ್ತಿತ್ತು. ನನ್ನ ಕೈ ಅದರತ್ತ ಹೋಗಲಿಲ್ಲ. ನಮ್ಮೂರಿನ ಜನ ಮೂರು ತಲೆಮಾರು ದುಡಿದು ಹಿಡಿದ ಗಾಳಿ ಅದು. ಆದರೆ ಚಾವಣಿಯ ನೆರಳುತೋಟದಲ್ಲಿ ನಾಲ್ಕು ದ್ರಾಕ್ಷಿ ಬಳ್ಳಿಗಳಿದ್ದವು. ಹಣ್ಣಿನ ಸಿಪ್ಪೆಗೆ ಬೂದಿ ಬಳಿದಂತೆ ಕಾಣುತ್ತದಲ್ಲ, ಅಲ್ಲಿ ಹುದುಗೆಬ್ಬಿಸುವ ಕಣ್ಣಿಗೆ ಕಾಣದ ಜೀವಿಗಳು ಕೂತಿರುತ್ತವೆ. ದ್ರಾಕ್ಷಿಯನ್ನು ತೊಳೆಯದೆ ಹಿಚುಕಿ, ಬೆಲ್ಲದ ನೀರು, ಜಜ್ಜಿದ ಶುಂಠಿ ಸೇರಿಸಿ, ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟೆ. ಅವು ಬೆಲ್ಲ ತಿಂದು ಗಾಳಿ ಬಿಟ್ಟವು. ಹೋಗಲು ದಾರಿಯಿಲ್ಲದೆ ಬಾಟಲಿ ಢಂ ಎಂದು ಒಡೆಯಿತು.

ಸೆಕೆಗೆ ಹೆದರಿ ನಾವು ಮನೆಗಳನ್ನು ಮುಚ್ಚಿಕೊಂಡೇ ಬದುಕುವವರು. ಒಳಗಿನ ಗಾಳಿ ಕೆಟ್ಟರೆ ಕೂಗಲು ಗೋಡೆಯಲ್ಲಿ ಉಸಿರುಗಣ್ಣು ಎಂಬ ಯಂತ್ರವಿರುತ್ತದೆ. ಅದು ಕೂಗಿತು, ಬಾವಿಯವರೆಗೂ ಕೇಳಿಸಿತು. ಬಾವಿಯ ಮೇಲ್ವಿಚಾರಕಿ ಮಹಬೂಬಕ್ಕ ಓಡಿ ಬಂದಳು. ಗಾಜಿನ ಚೂರು, ಗೋಡೆಗೆ ಸಿಡಿದ ದ್ರಾಕ್ಷಿ ನೋಡಿ ಮುಖ ಬಿಗಿದುಕೊಂಡು ನಿಂತಳು. ನನ್ನ ಕೆಲಸ ಹೋಯಿತೆಂದೇ ತಿಳಿದೆ. ಆದರೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಇದು ನೆಲ ಅಗೆದು ತಂದ ಹಳೆಯ ಇಂಗಾಲವಲ್ಲ. ಕಬ್ಬು, ದ್ರಾಕ್ಷಿ ಈ ವರ್ಷ ಗಾಳಿಯಿಂದ ಪಡೆದದ್ದು, ಬರುವ ವರ್ಷದ ಬೆಳೆಗೇ ಸೇರುವಂಥದ್ದು ಎಂದೆ. ಅದು ತನಗೂ ಗೊತ್ತು, ನಿಯಮದಲ್ಲಿ ಮಾತ್ರ ಆ ಭೇದವಿಲ್ಲ ಎಂದಳು. ಒಳಕೋಣೆಯಲ್ಲಿ ಆಯಿ ಕೆಮ್ಮಿದಳು. ಮಹಬೂಬಕ್ಕ ಹೋಗಿ ಪಕ್ಕದಲ್ಲಿ ಕೂತು ಅವಳ ಒಡೆದ ತುಟಿಗಳನ್ನು ನೋಡಿದಳು.

"ಬಾಟ್ಲಿ ಒಡೀತು, ಯಾರಿಗೂ ಪೆಟ್ಟಾಗಿಲ್ಲ ಅಂತ ಬರೀತೇನಿ," ಎಂದಳು ಎದ್ದು. "ಮುಂದಿಂದು ದಪ್ಪ ಬಾಟ್ಲಿಯೊಳಗ ಹಾಕು."

ಅಂಥ ಬಾಟಲಿಯನ್ನು ಅವಳೇ ಕಳಿಸಿಕೊಟ್ಟಳು.

ಈ ಸಲ ಮುಚ್ಚಳ ತೆಗೆದಾಗ ಉಸ್ಸೆಂದಿತು. ಆಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಮೂಗಿಗೇರಿ ಸೀನಿದಳು, ಕಣ್ಣಲ್ಲಿ ನೀರು ಬಂತು, ಮತ್ತೆ ಕುಡಿದಳು. ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಸಾಕಾಯಿತೇ ಎಂದೆ.

"ಉಳಿದದ್ದು ಬಾಳೂಂದು," ಎಂದಳು.

ಬಾಳೂ ಯಾರೆಂದು ಕೇಳಿದರೆ, ತನ್ನ ತಮ್ಮನೆಂದಳು. ಆಯಿಗೆ ಒಬ್ಬ ತಮ್ಮನಿದ್ದನೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಯಿ ಇನ್ನೂ ಹುಡುಗಿಯಾಗಿದ್ದಾಗ, ಸುಡುಗಾಳಿ ಬೀಸಿದ ವರ್ಷ, ಶಾಲೆಯಿಂದ ಬರುವಾಗ ದಾರಿಯಲ್ಲೇ ತೀರಿಹೋದನಂತೆ. ಇಬ್ಬರ ನಡುವೆ ಯಾವಾಗಲೂ ಒಂದೇ ಸೋಡಾ, ಮೊದಲ ಪಾಲು ಅಕ್ಕನದು. ಆ ಬಾಟಲಿ ತೆರೆದ ದಿನದಿಂದ ಆಯಿ ದಿನಾ ಅರ್ಧ ಲೋಟ ಕುಡಿಯುತ್ತಾಳೆ, ದಿನಾ ಅವನ ಸುದ್ದಿ ಹೇಳುತ್ತಾಳೆ. ಈಗ ಎದ್ದು ಓಡಾಡುತ್ತಾಳೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮನೆಯ ಹಿರಿಯರು ತಿನ್ನಲೋ ಕುಡಿಯಲೋ ಏನನ್ನಾದರೂ ಬಯಸಿದರೆ, ಅದನ್ನು ತಂದುಕೊಟ್ಟು ಸುಮ್ಮನಾಗಬೇಡಿ. ಹಿಂದೆ ಅದನ್ನು ಯಾರ ಜೊತೆ ಹಂಚಿಕೊಂಡಿದ್ದರೆಂದು ಪಕ್ಕದಲ್ಲಿ ಕೂತು ಕೇಳಿ.