ಇಬ್ಬರು ಸತ್ಯವತಿಯರು

ಮೂಡಲಪಾಳ್ಯ, ಸೋಮವಾರ

ಮಗು ಪುರುಷೋತ್ತಮ, ನೂರ್ಕಾಲ ಚೆನ್ನಾಗಿರು.

ನೀನು ತಯಾರಿಸಿದ ಸಿಬ್ಬಂದಿ ಪಟ್ಟಿಯನ್ನು ನಮ್ಮ ಆರೋಗ್ಯ ಕೇಂದ್ರದ ಗೋಡೆ ಮೇಲೆ ಓದಿದೆ. ಎಂ. ಸತ್ಯವತಿ ಒಬ್ಬರು, ಸತ್ಯವತಿ ಎಂ. ಇನ್ನೊಬ್ಬರು, ಒಟ್ಟು ಇಬ್ಬರು ನರ್ಸುಗಳಂತೆ. ಇಬ್ಬರೂ ಒಬ್ಬಳೇ ಕಣೋ. ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತ ನನಗೆ ಗೊತ್ತಾಗಿದ್ದು ನಿನ್ನ ಎರಡು ಡಿಗ್ರಿಗೆ ಗೊತ್ತಾಗಲಿಲ್ಲ.

ಅವಳು ಗರ್ಭಕೋಶದ ಆಪರೇಷನ್‌ಗೆ ರಜೆ ಕೇಳಿದರೆ, "ಇನ್ನೊಬ್ಬರಿದ್ದಾರೆ, ಬದಲಿ ನರ್ಸ್ ಬೇಡ" ಅಂತ ಬರೆದೆಯಂತೆ. ಮಕ್ಕಳಿಗೆ ಚುಚ್ಚುಮದ್ದು ಹಾಕೋರಿಲ್ಲ ಅಂತ ಆಪರೇಷನ್ನನ್ನೇ ಮುಂದಕ್ಕೆ ಹಾಕಿದ್ದಾಳೆ. "ಇನ್ನೊಬ್ಬಳು ಎಲ್ಲಿ ತಾಯಿ?" ಅಂದೆ. "ಅವಳಿಗೂ ಹೊಟ್ಟೆನೋವು ಅಜ್ಜಿ," ಅಂದಳು.

ಭಾನುವಾರ ಊಟಕ್ಕೆ ಬಾ, ಬದಲಿ ನರ್ಸಿನ ಆದೇಶ ತಗೊಂಡು ಬಾ. ಬರಿಗೈಲಿ ಬಂದರೆ, ಕೆ. ಪುರುಷೋತ್ತಮ ಆಗಲೇ ಉಂಡು ಹೋದ ಅಂತ ಪುರುಷೋತ್ತಮ ಕೆ.ಗೆ ಎಲೆ ಹಾಕೋದಿಲ್ಲ.

ನಿನ್ನ ದೊಡ್ಡಮ್ಮ,
ಯಶೋದಮ್ಮ